ಭೈಷಜ್ಯವೂ ರಾಜದಂಡವೂ

ಔಷಧಗಳ ಗುಣಾವಗುಣಗಳನ್ನು ರಾಜ್ಯಾಡಳಿತವು ವಿಚಾರಿಸುವುದು, ಕಲಬೆರಕೆ ಮಾಡಿದವನನ್ನು ದಂಡಿಸುವುದು, ವಿಷದ್ರವ್ಯಗಳ ಕ್ರಯವಿಕ್ರಯಗಳನ್ನು ಕಟ್ಟಿನಲ್ಲಿಡುವುದು, ಇವೆಲ್ಲವೂ ನಮ್ಮ ದೇಶಕ್ಕೆ ೧೯೪೦ನೆಯ ಇಸವಿಯ ಔಷಧ ಕಾನೂನಿನೊಡನೆ ಬಂದುವೆಂಬ ಅಭಿಪ್ರಾಯವು ಸಾಮಾನ್ಯವಾಗಿ ಪ್ರಚಾರದಲ್ಲಿರುವುದು. ವೈದ್ಯಸಹಾಯಕರಿಗೆ ಪಾಠ ಹೇಳುವವರು ಚರಿತ್ರೆಯ ಭಾಗವನ್ನು ಪ್ರಾಯಶಃ ಅಲ್ಲಿಂದಲೇ ಆರಂಭಿಸುತ್ತಾರೆ. ಅವರನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಔಷಧವನ್ನು ಮಾರುವವನು, ಅದನ್ನು ಕೊಡುವವನು, ವಿಷವನ್ನು ಸಂಗ್ರಹಿಸುವವನು, ಈ ಮೂವರ ಮೇಲೂ ಅರಸನ ಕಣ್ಣಿರಬೇಕೆಂದು ವಿಧಿಸುವ ಗ್ರಂಥಗಳು ನಮ್ಮಲ್ಲಿ ಬಹು ಹಿಂದಿನಿಂದಲೂ ಇವೆ. ಅವುಗಳಲ್ಲಿ ಒಂದು ಬೆಳಕಿಗೆ ಬಂದುದು ಮೈಸೂರಿನಲ್ಲಿ, ಇನ್ನೊಂದಕ್ಕೆ ಪ್ರಮಾಣಭೂತವಾದ ವ್ಯಾಖ್ಯಾನವು ಹುಟ್ಟಿದುದು ಕಲ್ಯಾಣದಲ್ಲಿ. ಕನ್ನಡದ ವೈದ್ಯಕವಿಗಳು ವಿಷವನ್ನೂ ಔಷಧವನ್ನೂ ಕುರಿತು ಬರೆದಿರುವುದು ಬೇರೆ. ಇವುಗಳನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನವು ಈ ಲೇಖನದಲ್ಲಿದೆ.

ಮೈಸೂರಿನ ಪ್ರಾಚ್ಯಕೋಶಾಗಾರವು ೧೮೯೧ರಲ್ಲಿ ಸ್ಥಾಪಿತವಾಯಿತು. ಅಲ್ಲಿಗೆ ತಂಜಾವೂರು ಪ್ರಾಂತದ ಒಬ್ಬ ಪಂಡಿತರು ತಂದೊಪ್ಪಿಸಿದ ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದ್ದುದನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಪ್ರಕಟಿಸಿದ ಸಂಗತಿಯು ವಾಚಕರಿಗೆ ವಿದಿತವೇ ಆಗಿದೆ. ಆ ಗ್ರಂಥವನ್ನು ರಾಜ್ಯತಂತ್ರಕ್ಕಾಗಿ, ಕರಭಾರಗಳಿಗಾಗಿ, ಗೂಢಚಾರರಿಗಾಗಿ ಓದಿದವರು ಅನೇಕರು. ಔಷಧದ ದೃಷ್ಟಿಯಿಂದ ಓದಿದವರು ವಿರಳ. ಆದರೆ ಅಲ್ಲಿ ಆ ವಿಷಯವು ಒಂದೆಡೆ ಕೂಡಿರದೆ ನಾಲ್ಕೈದು ಅಧಿಕರಣಗಳಲ್ಲಿ ಚದುರಿಹೋಗಿದೆ. ಕೂಡಿಸಿ ನೋಡಿದರೆ ಅದರ ರೂಪವು ಸ್ಪಷ್ಟವಾಗುವುದು.

ಮೊದಲನೆಯದಾಗಿ, ದುರ್ಗನಿವೇಶವನ್ನು ಹೇಳುವ ಪ್ರಕರಣದಲ್ಲಿ ವಾಯವ್ಯ ಭಾಗವು ಪಣ್ಯಕ್ಕೂ ಭೈಷಜ್ಯಕ್ಕೂ ಮೀಸಲಾದ ಗೃಹಗಳಿಗೆಂದು ವಿಂಗಡವಾಗಿದೆ. ಎರಡನೆಯದು, ರಾಜರಕ್ಷಣೆಯ ಪ್ರಕರಣದಲ್ಲಿ ಬರುವ ವಿಧಿ. ಅರಸನ ವೈದ್ಯನು ಭೈಷಜ್ಯಾಗಾರದಿಂದ ರುಚಿನೋಡಿ ಶುದ್ಧವೆಂದು ನಿಶ್ಚಯಿಸಿದ ಔಷಧವನ್ನು ತೆಗೆದುಕೊಂಡು, ಅದನ್ನು ಬೇಯಿಸಿದವನಿಗೂ ಅರೆದವನಿಗೂ ಮೊದಲು ಕುಡಿಸಿ, ತಾನೂ ಕುಡಿದು, ಆ ಮೇಲೆ ಅರಸನಿಗೆ ಕೊಡಬೇಕು. ಔಷಧವನ್ನು ತಯಾರಿಸಿದವನೇ ಅದರ ಹೊಣೆಗಾರನೆಂಬ ತತ್ತ್ವವು ಇದಕ್ಕಿಂತ ಕಠಿನವಾದ ರೂಪದಲ್ಲಿ ಬೇರೆಲ್ಲಿಯೂ ಬರಲಾರದು. ಇಂದಿನ ಪರೀಕ್ಷಾಲಯವು ಗಾಜಿನ ನಳಿಕೆಯಲ್ಲಿ ಮಾಡುವ ಕೆಲಸವನ್ನು ಅಂದು ನಾಲಗೆಯು ಮಾಡುತ್ತಿತ್ತು. ಅದರ ಹಿಂದಿನ ಪ್ರಕರಣದಲ್ಲಿ ವಿಷವನ್ನು ಕಂಡರೆ ಕೂಗುವ ಗಿಳಿ, ಕಣ್ಣಿನ ಬಣ್ಣಗೆಡುವ ಚಕೋರ, ಮೂರ್ಛೆ ಹೋಗುವ ಜೀವಂಜೀವಕ ಇವೆಲ್ಲ ಬರುತ್ತವೆ. ಅವುಗಳನ್ನು ಕಾವ್ಯಗಳಲ್ಲಿ ಓದಿ ಬಲ್ಲ ಸಾಹಿತ್ಯೋಪಾಧ್ಯಾಯರಿಗೆ ಇಲ್ಲಿ ಹೆಚ್ಚಿಗೆ ಹೇಳಬೇಕಾದುದಿಲ್ಲ.

ಇವೆರಡೂ ಅರಸನ ಮನೆಗೆ ಸಂಬಂಧಿಸಿದುವು. ಪ್ರಜೆಗಳಿಗೆ ಸಂಬಂಧಿಸಿದ ನಿಯಮಗಳು ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ಇವೆ. ಸಂಸ್ಥಾಧ್ಯಕ್ಷನೆಂಬ ಅಧಿಕಾರಿಯು ಪೇಟೆಯನ್ನು ನೋಡಿಕೊಳ್ಳುವವನು. ತೂಕ, ಅಳತೆ, ಸರಕು, ಬೆಲೆ ಎಲ್ಲವೂ ಅವನ ವಿಚಾರಣೆಗೆ ಒಳಪಟ್ಟುವು. ಧಾನ್ಯ, ಎಣ್ಣೆತುಪ್ಪಗಳು, ಕ್ಷಾರ, ಲವಣ, ಗಂಧದ್ರವ್ಯ, ಭೈಷಜ್ಯ ಇವುಗಳಲ್ಲಿ ಅದೇ ಬಣ್ಣದ ಬೇರೆ ವಸ್ತುವನ್ನು ಸೇರಿಸಿದವನಿಗೆ ಹನ್ನೆರಡು ಪಣಗಳ ದಂಡ. ಆ ಪ್ರದೇಶದಲ್ಲಿ ಹುಟ್ಟದ ಸರಕನ್ನು ಅಲ್ಲಿ ಹುಟ್ಟಿದುದೆಂದು ಹೇಳಿ ಮಾರುವವನಿಗೂ ಬೇರೊಂದು ದಂಡವನ್ನು ವಿಧಿಸಿದೆ. ಮೊದಲನೆಯದನ್ನು ನಾವು ಇಂದು ಕಲಬೆರಕೆಯೆನ್ನುತ್ತೇವೆ. ಎರಡನೆಯದನ್ನು ಸುಳ್ಳು ಹೆಸರಿನ ಮಾರಾಟವೆನ್ನುತ್ತೇವೆ. ಈ ಎರಡು ಅಪರಾಧಗಳನ್ನು ಬೇರೆಬೇರೆಯಾಗಿ ಕಂಡಿರುವುದು ಗಮನಾರ್ಹವಾದುದು. ಏಕೆಂದರೆ ಇಂದಿನ ಕಾನೂನೂ ಇವನ್ನು ಬೇರೆಬೇರೆ ಕಲಮುಗಳಲ್ಲಿಯೇ ಇಟ್ಟಿದೆ.

‘ಸಮವರ್ಣ’ವೆಂಬ ಪದವನ್ನು ಕೌಟಿಲ್ಯನು ಸುಮ್ಮನೆ ಹಾಕಿದವನಲ್ಲ. ಕಣ್ಣಿಗೆ ಕಾಣುವ ಕಲಬೆರಕೆಯನ್ನು ಕೊಳ್ಳುವವನೇ ಹಿಡಿಯಬಲ್ಲನು; ಕಾಣದುದನ್ನು ಹಿಡಿಯುವುದಕ್ಕೇ ರಾಜಪುರುಷನು ಬೇಕು. ೧೯೩೭ರಲ್ಲಿ ಅಮೆರಿಕಾ ದೇಶದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ಡೈಎಥಿಲೀನ್ ಗ್ಲೈಕೋಲ್ ಎಂಬ ದ್ರವದಲ್ಲಿ ಕರಗಿಸಿ ಮಾರಿದಾಗ ನೂರಕ್ಕೆ ಮೇಲ್ಪಟ್ಟು ಜನರು ಸತ್ತರು. ಆ ದ್ರವವು ಬಣ್ಣವಿಲ್ಲದುದು, ನಾಲಗೆಗೆ ಸಿಹಿಯಾದುದು, ಮೂತ್ರಪಿಂಡಗಳನ್ನು ಕೆಡಿಸತಕ್ಕುದು. ಮರುವರ್ಷ ಆ ದೇಶದಲ್ಲಿ ಹೊಸ ಕಾನೂನು ಬಂದಿತು. ಅದೇ ದ್ರವವು ಗ್ಲಿಸರೀನಿನಲ್ಲಿ ಬೆರೆತುದರಿಂದ ೧೯೮೬ರಲ್ಲಿ ಮುಂಬಯಿಯಲ್ಲಿ ೧೪ ಮಂದಿ ರೋಗಿಗಳು ಮೃತರಾದರು. ಕೌಟಿಲ್ಯನ ಪಾಚಕಪೇಷಕರು ರುಚಿನೋಡಿದ್ದರೂ ಇದು ಸಿಕ್ಕುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು. ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ವಾದಿಸುವವರ ಪಂಕ್ತಿಯಲ್ಲಿ ಕೂಡಲು ನಮಗೆ ಮನಸ್ಸಿಲ್ಲ.

ಇನ್ನು ವಿಷ. ಕುಪ್ಯಾಧ್ಯಕ್ಷನು ಸಂಗ್ರಹಿಸಬೇಕಾದ ಅರಣ್ಯದ್ರವ್ಯಗಳಲ್ಲಿ ಕಾಲಕೂಟ, ವತ್ಸನಾಭ, ಹಾಲಾಹಲ ಮೊದಲಾದ ವಿಷಗಳ ದೀರ್ಘವಾದ ಪಟ್ಟಿಯೊಂದಿದೆ. ಹಾವುಗಳನ್ನೂ ಕ್ರಿಮಿಗಳನ್ನೂ ಮಡಕೆಗಳಲ್ಲಿಟ್ಟಿರಬೇಕೆಂದು ಹೇಳಿದೆ. ಅಮರಕೋಶದ ಪಾತಾಳಭೋಗಿವರ್ಗದಲ್ಲಿ ನಾವು ಬಾಯಿಪಾಠ ಮಾಡಿದ ಒಂಬತ್ತು ವಿಷಭೇದಗಳಲ್ಲಿ ಕೆಲವು ಇಲ್ಲಿಯೂ ಇವೆ. ಹೀಗೆ ವಿಷವು ರಾಜನ ಉಗ್ರಾಣದ ವಸ್ತು. ಅದು ಪ್ರಜೆಯ ಕೈಯಲ್ಲಿ ಕಂಡರೆ ಸಂದೇಹಕ್ಕೆ ಕಾರಣ. ವಿಷವನ್ನು ಮಾಡುವವನು, ಕೊಳ್ಳುವವನು, ಮಾರುವವನು, ಔಷಧ ಮತ್ತು ಆಹಾರಗಳ ವ್ಯಾಪಾರ ಮಾಡುವವನು, ಇವರಲ್ಲಿ ಯಾವನಾದರೂ ವಿಷವಿಕ್ಕುವವನೆಂದು ತೋರಿದರೆ, ಗೂಢಚಾರನು ಅವನ ಬಳಿಗೆ ಹೋಗಿ ತನಗೊಬ್ಬ ಶತ್ರುವಿರುವನೆಂದೂ ಅವನನ್ನು ಮುಗಿಸಿದರೆ ಹಣ ಕೊಡುವೆನೆಂದೂ ಹೇಳಬೇಕು. ಒಪ್ಪಿಕೊಂಡು ಹಾಗೆ ಮಾಡಿದವನನ್ನು ದೇಶದಿಂದ ಹೊರಡಿಸಬೇಕು. ಈ ವಿಧಾನವು ಇಂದಿನ ನ್ಯಾಯಸ್ಥಾನದಲ್ಲಿ ನಿಲ್ಲುವುದು ಕಷ್ಟ. ಆದರೂ ಔಷಧದ ಅಂಗಡಿಯು ವಿಷದ ಅಂಗಡಿಯೂ ಆಗಬಹುದೆಂಬ ಎಚ್ಚರವು ಆ ಕಾಲಕ್ಕೇ ಇದ್ದುದಕ್ಕೆ ಇದು ಸಾಕ್ಷಿ.

ವೈದ್ಯನ ವಿಚಾರದಲ್ಲಿ ಅರ್ಥಶಾಸ್ತ್ರವು ಇನ್ನೂ ಸೂಕ್ಷ್ಮವಾಗಿದೆ. ಪ್ರಾಣಾಪಾಯವುಳ್ಳ ರೋಗಕ್ಕೆ ಮುಂಚಿತವಾಗಿ ತಿಳಿಸದೆ ಚಿಕಿತ್ಸೆಯನ್ನು ಆರಂಭಿಸಿ ರೋಗಿಯು ಸತ್ತರೆ ವೈದ್ಯನಿಗೆ ಪೂರ್ವಸಾಹಸ ದಂಡ. ಚಿಕಿತ್ಸೆಯ ದೋಷದಿಂದಲೇ ಸತ್ತರೆ ಮಧ್ಯಮ ದಂಡ. ಮರ್ಮಸ್ಥಾನಕ್ಕೆ ಪೆಟ್ಟಾಗಿ ಅಂಗವಿಕಲತೆಯುಂಟಾದರೆ ಅದನ್ನು ದಂಡಪಾರುಷ್ಯದ, ಎಂದರೆ ಹೊಡೆತಬಡಿತದ, ಪ್ರಕರಣವೆಂದು ಎಣಿಸಬೇಕು. ಮೂರು ಅಪರಾಧಗಳು, ಮೂರು ಫಲಗಳು. ತಿಳಿಸದಿರುವುದೇ ಒಂದು ಸ್ವತಂತ್ರವಾದ ಅಪರಾಧವೆಂದು ಮಾಡಿರುವುದನ್ನು ನೋಡಿದರೆ ಆಶ್ಚರ್ಯವಾಗುವುದು. ಗುಟ್ಟಾಗಿ ಗಾಯಕ್ಕೆ ಮದ್ದು ಮಾಡಿಸಿಕೊಳ್ಳುವವನನ್ನೂ ಅಪಥ್ಯಕಾರಿಯನ್ನೂ ಕುರಿತು ವೈದ್ಯನು ಗೋಪನಿಗೋ ಸ್ಥಾನಿಕನಿಗೋ ತಿಳಿಸಬೇಕು, ತಿಳಿಸದಿದ್ದರೆ ಅವನೂ ಸಮಾನದೋಷಿ ಎಂಬ ನಿಯಮವು ಎರಡನೆಯ ಅಧಿಕರಣದ ಕೊನೆಯ ಭಾಗದಲ್ಲಿದೆ.

ಇವೆಲ್ಲವೂ ಮಗಧದ ಮಾತು, ನಮ್ಮ ನಾಡಿಗೇನು ಸಂಬಂಧವೆಂದು ಯಾರಾದರೂ ಕೇಳಬಹುದು. ಕೇಳತಕ್ಕುದೇ ಸರಿ. ಓಲೆಯು ಮೈಸೂರಿನಲ್ಲಿ ತೆರೆಯಲ್ಪಟ್ಟಿತೆಂಬ ಮಾತ್ರಕ್ಕೆ ಅದರ ವಿಧಿಗಳು ಇಲ್ಲಿ ನಡೆದುವೆಂದು ಹೇಳಲಾಗದು. ಆದುದರಿಂದ ಎರಡನೆಯ ಗ್ರಂಥಕ್ಕೆ ಬರೋಣ.

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ಆ ಕಲ್ಯಾಣವೇ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಪಾಠಶಾಲೆಗಳಲ್ಲಿ ಮಿತಾಕ್ಷರೆಯನ್ನು ಓದುವಾಗ ದಾಯವಿಭಾಗಕ್ಕೆ ಸಲ್ಲುವ ಗೌರವವು ಬೇರೆ ಪ್ರಕರಣಗಳಿಗೆ ಸಲ್ಲುವುದಿಲ್ಲ; ಗುರುಗಳು ಅಲ್ಲಿ ತಿಂಗಳುಗಟ್ಟಲೆ ನಿಲ್ಲುವರು, ಸಾಹಸಪ್ರಕರಣವನ್ನು ಎರಡು ದಿನಗಳಲ್ಲಿ ದಾಟಿಸುವರು. ನ್ಯಾಯಸ್ಥಾನಗಳಲ್ಲಿ ಆಸ್ತಿಯ ವ್ಯಾಜ್ಯಗಳಿಗೆ ಮಿತಾಕ್ಷರೆಯು ಬೇಕಾಗಿದ್ದುದರಿಂದ ಈ ಅಭ್ಯಾಸವು ಬಂದಿರಬೇಕು. ಆದರೆ ಔಷಧದ ಮಾತುಗಳಿರುವುದು ಆ ದಾಟಿಸಿದ ಭಾಗದಲ್ಲಿಯೇ.

ಅಲ್ಲಿ ಎರಡು ವಿಧಿಗಳಿವೆ. ಮೊದಲನೆಯದು ಮಿಥ್ಯಾಚಾರಿಯಾದ ವೈದ್ಯನಿಗೆ ದಂಡ. ಮನುಸ್ಮೃತಿಯು ಇದರಲ್ಲಿ ಎರಡೇ ಅಂತಸ್ತುಗಳನ್ನು ಹೇಳುವುದು: ಮನುಷ್ಯೇತರ ಪ್ರಾಣಿಗಳಲ್ಲಿ ತಪ್ಪಿದರೆ ಪ್ರಥಮ, ಮನುಷ್ಯರಲ್ಲಿ ತಪ್ಪಿದರೆ ಮಧ್ಯಮ. ಯಾಜ್ಞವಲ್ಕ್ಯನು ಮೂರನೆಯದೊಂದನ್ನು ಸೇರಿಸಿ, ರಾಜಪುರುಷರಲ್ಲಿ ತಪ್ಪಿದರೆ ಉತ್ತಮಸಾಹಸವೆಂದನು. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಈ ಮೂರು ಕ್ರಮವಾಗಿ ೨೭೦, ೫೪೦, ೧೦೮೦ ಪಣಗಳು. ರಾಜಸೇವಕನ ಪ್ರಾಣಕ್ಕೆ ಸಾಮಾನ್ಯನ ಪ್ರಾಣದ ಇಮ್ಮಡಿ ಬೆಲೆ ಕಟ್ಟಿರುವುದನ್ನು ನಾವು ಸಮರ್ಥಿಸಬೇಕಾದುದಿಲ್ಲ. ಗಮನಿಸಬೇಕಾದುದು ವಿಜ್ಞಾನೇಶ್ವರನ ವಿವರಣೆಯನ್ನು. ‘ಮಿಥ್ಯಾ’ ಎಂಬ ಪದಕ್ಕೆ ಚಿಕಿತ್ಸೆಯಲ್ಲಿ ತಪ್ಪಿದವನೆಂಬ ಸಾಮಾನ್ಯಾರ್ಥವನ್ನು ಅವನು ಹೇಳಲಿಲ್ಲ. ಆಯುರ್ವೇದವನ್ನು ಅರಿಯದಿದ್ದರೂ ಜೀವನಕ್ಕಾಗಿ ತಾನು ಚಿಕಿತ್ಸೆಯನ್ನು ಬಲ್ಲವನೆಂದು ಹೇಳಿಕೊಂಡು ನಡೆಯುವವನೇ ದಂಡನೀಯನೆಂದು ಅವನ ಅಭಿಪ್ರಾಯ. ಎಂದರೆ ಕಲಿತ ವೈದ್ಯನ ಕೈತಪ್ಪಿಗೂ ಕಲಿಯದವನ ವಂಚನೆಗೂ ನಡುವೆ ಅವನು ಗೆರೆಯೆಳೆದನು. ಕೌಟಿಲ್ಯನು ದಂಡಿಸಿದುದು ಕರ್ಮದ ದೋಷವನ್ನು. ಕಲ್ಯಾಣದ ಈ ವಿದ್ವಾಂಸನು ದಂಡಿಸಿದುದು ಅಧಿಕಾರವಿಲ್ಲದವನು ಕರ್ಮಕ್ಕೆ ಕೈಹಾಕಿದುದನ್ನು. ವೈದ್ಯರ ಹೆಸರುಗಳನ್ನು ಪಟ್ಟಿಯಲ್ಲಿ ನಮೂದಿಸಿ, ನಮೂದಾಗದವನು ಮದ್ದು ಕೊಡಬಾರದೆಂದು ಹೇಳುವ ಇಂದಿನ ಕಾನೂನುಗಳ ಬೀಜವು ಕೌಟಿಲ್ಯನಲ್ಲಿ ಅಲ್ಲ, ಇಲ್ಲಿದೆಯೆಂದು ನಮಗೆ ತೋರುವುದು.

ಎರಡನೆಯ ವಿಧಿಯು ಕಲಬೆರಕೆಗೆ ಸಂಬಂಧಿಸಿದುದು. ಭೇಷಜ, ಸ್ನೇಹ, ಲವಣ, ಗಂಧ, ಧಾನ್ಯ, ಬೆಲ್ಲ ಮೊದಲಾದ ಪಣ್ಯಗಳಲ್ಲಿ ಹೀನವಾದುದನ್ನು, ಎಂದರೆ ಸಾರವಿಲ್ಲದ ದ್ರವ್ಯವನ್ನು, ಸೇರಿಸುವವನಿಗೆ ಹದಿನಾರು ಪಣ ದಂಡ. ಕೌಟಿಲ್ಯನ ಹನ್ನೆರಡು ಇಲ್ಲಿ ಹದಿನಾರಾಗಿದೆ. ಅವನ ಪಟ್ಟಿಯಲ್ಲಿ ಕೊನೆಯದಾಗಿದ್ದ ಭೈಷಜ್ಯವು ಇಲ್ಲಿ ಮೊದಲನೆಯದಾಗಿದೆ. ಇದರಿಂದ ಔಷಧಕ್ಕೆ ಗೌರವ ಹೆಚ್ಚಿತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಅದು ಛಂದಸ್ಸಿನ ಅನುಕೂಲಕ್ಕಾಗಿ ಆದುದೂ ಆಗಿರಬಹುದು.

ತಿರ್ಯಕ್ಕುಗಳ ಚಿಕಿತ್ಸೆಯಲ್ಲಿ ತಪ್ಪಿದವನಿಗೂ ದಂಡವಿರುವುದನ್ನು ಮೇಲೆ ಹೇಳಿದೆವು. ಇದಕ್ಕೆ ಸರಿಯಾಗಿ, ಅದೇ ವಿಕ್ರಮಾದಿತ್ಯನ ಸೋದರನಾದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ಬರೆದನು. ಅರಮನೆಯ ಒಂದು ಕಡೆ ಪಶುವೈದ್ಯನ ಅಪರಾಧಕ್ಕೆ ದಂಡವನ್ನು ನಿಶ್ಚಯಿಸುವ ಸಂಸ್ಕೃತ ವ್ಯಾಖ್ಯಾನ, ಇನ್ನೊಂದು ಕಡೆ ಪಶುವೈದ್ಯನು ಓದಬೇಕಾದ ಕನ್ನಡ ಪುಸ್ತಕ! ಒಂದು ಇನ್ನೊಂದನ್ನು ನೋಡಿ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ತಿಳಿಯದವನನ್ನು ದಂಡಿಸಬೇಕಾದರೆ ತಿಳಿದುಕೊಳ್ಳುವ ಸಾಧನವು ನಾಡಿನ ಭಾಷೆಯಲ್ಲಿರಬೇಕೆಂಬುದು ನ್ಯಾಯವಷ್ಟೆ.

ಶಾಸನಗಳ ದೃಷ್ಟಿಯು ದಂಡದ ಮೇಲಿಲ್ಲ, ದಾನದ ಮೇಲಿದೆ. ಅದು ಅವುಗಳ ಸ್ವಭಾವ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಜೈನರ ಚತುರ್ವಿಧದಾನವು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಎಲ್ಲರೂ ಬಲ್ಲರು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವು, ಶೈವಾಚಾರ್ಯರ ಆ ಮಠವು ವಿದ್ಯಾಸ್ಥಾನವೂ ಅನ್ನಸತ್ರವೂ ಆಗಿದ್ದುದಲ್ಲದೆ ಅನಾಥರೋಗಿಗಳಿಗೆ ಔಷಧ ಕೊಡುವ ಸ್ಥಾನವೂ ಆಗಿದ್ದಿತೆಂದು ಹೇಳುತ್ತದೆ. ಔಷಧವು ಪೇಟೆಯಲ್ಲಿ ಸರಕಾಗಿದ್ದಂತೆ ಮಠದಲ್ಲಿ ದಾನವಾಗಿಯೂ ಇದ್ದಿತು. ದಾನವಾಗಿ ಬಂದ ಮದ್ದಿನಲ್ಲಿ ಕಲಬೆರಕೆಯಿದ್ದರೆ ಯಾರು ಹೊಣೆ ಎಂಬುದು ಧರ್ಮಶಾಸ್ತ್ರಜ್ಞರು ವಿಚಾರಿಸಬೇಕಾದ ಸ್ವಾರಸ್ಯವಾದ ಪ್ರಶ್ನೆ. ಸ್ಮೃತಿಯ ವಿಧಿಯಂತೂ ಪಣ್ಯವನ್ನು ಮಾತ್ರ ಹಿಡಿಯುವುದು.

ಈಗ ಗ್ರಂಥಗಳೊಳಗಿನ ಶಾಸನಕ್ಕೆ ಬರೋಣ. ರಾಜದಂಡವು ಹೊರಗಿನದು, ಯಾವ ದ್ರವ್ಯವು ಔಷಧವಾಗಲು ತಕ್ಕುದು, ಯಾವುದು ತಕ್ಕುದಲ್ಲ ಎಂದು ಶಾಸ್ತ್ರವೇ ಹಾಕುವ ಕಟ್ಟು ಒಳಗಿನದು. ಕನ್ನಡನಾಡಿನ ಜೈನ ವೈದ್ಯಪರಂಪರೆಯಲ್ಲಿ ಈ ಎರಡನೆಯದು ಬಹು ಬಿಗಿಯಾಗಿದ್ದಿತು. ಉಗ್ರಾದಿತ್ಯನು ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕವು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಬಂದಿದೆ. ಅದರ ಕಡೆಯಲ್ಲಿ ಮಾಂಸವು ಔಷಧವಾಗಲಾರದೆಂದು ನೃಪತುಂಗನ ಸಭೆಯಲ್ಲಿ ನಡೆದ ವಾದದ ಪ್ರಸ್ತಾಪವಿದೆ. ಜಗದ್ದಳ ಸೋಮನಾಥನು ೧೧೫೦ರ ಸುಮಾರಿನಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸುವಾಗ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯೆಂಬುದನ್ನೇ ತನ್ನ ಗ್ರಂಥದ ವೈಶಿಷ್ಟ್ಯವಾಗಿ ಹೇಳಿಕೊಂಡನು. ಜೇನನ್ನು ಬಿಟ್ಟರೆ ಆಯುರ್ವೇದದಲ್ಲಿ ಅನುಪಾನಗಳ ಗತಿಯೇನೆಂದು ವೈದ್ಯರು ನಗಬಹುದು. ಆದರೆ ಒಂದು ಸಮಾಜವು ತನ್ನ ಔಷಧಕೋಶವನ್ನು ತಾನೇ ತಿದ್ದಿಕೊಂಡು, ಬಿಟ್ಟ ದ್ರವ್ಯಗಳಿಗೆ ಬದಲುಗಳನ್ನು ಹುಡುಕಿಕೊಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಸಿಕ್ಕುವುದು ಅಪೂರ್ವ.

ವಿಷವನ್ನು ಕುರಿತು ಕನ್ನಡದಲ್ಲಿ ಹೇಳಹೊರಟವನು ಮಂಗರಾಜನಲ್ಲಿಗೆ ಬರದೆ ತೀರದು. ೧೦೨೫ರ ಲೋಕೋಪಕಾರದಲ್ಲಿ ಚಾವುಂಡರಾಯನು ವಿಷವೈದ್ಯಕ್ಕೆ ಎಡೆಗೊಟ್ಟಿದ್ದರೂ ಅದು ಹಲವು ವಿಷಯಗಳ ನಡುವೆ ಒಂದು. ೧೩೬೦ರ ಸುಮಾರಿನ ಮೊದಲನೆಯ ಮಂಗರಾಜನ ಖಗೇಂದ್ರಮಣಿದರ್ಪಣವಾದರೋ ಹದಿನಾರು ಅಧಿಕಾರಗಳಲ್ಲಿ ಸ್ಥಾವರ ಜಂಗಮ ವಿಷಗಳನ್ನೇ ವಿಸ್ತರಿಸುವ ಗ್ರಂಥ. ಮದರಾಸು ವಿಶ್ವವಿದ್ಯಾನಿಲಯವು ಅದನ್ನು ೧೯೪೨ರಲ್ಲಿ ಪ್ರಕಟಿಸಿತು. ಕವಿಯೆಂದು ಮಂಗರಾಜನನ್ನು ಹೊಗಳಿದವರಿದ್ದಾರೆ. ವೈದ್ಯಶಾಸ್ತ್ರವನ್ನು ಕಂದವೃತ್ತಗಳಲ್ಲಿ ಹೇಳಿದನೆಂದು ಮೂಗುಮುರಿದವರೂ ಇದ್ದಾರೆ. ಪದ್ಯವು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಹಾವು ಕಚ್ಚಿದ ಹೊತ್ತಿನಲ್ಲಿ ಓಲೆಯನ್ನು ಬಿಚ್ಚಿ ಹುಡುಕಲಾಗದು, ಬಾಯಿಗೆ ಬರಬೇಕು.

ಸರಿಯಾಗಿ ಯೋಜಿಸಿದರೆ ತೀಕ್ಷ್ಣವಾದ ವಿಷವೂ ಉತ್ತಮವಾದ ಔಷಧವಾಗುವುದು, ಕೆಟ್ಟರೀತಿಯಲ್ಲಿ ಯೋಜಿಸಿದ ಔಷಧವೇ ವಿಷವಾಗುವುದು ಎಂಬುದು ಚರಕನ ಅಭಿಪ್ರಾಯ. ಐರೋಪ್ಯರು ಇದೇ ತತ್ತ್ವವನ್ನು ಹದಿನಾರನೆಯ ಶತಮಾನದ ಪಾರಾಸೆಲ್ಸನ ಹೆಸರಿನಲ್ಲಿ ಹೇಳುವರು. ಇದನ್ನು ಬರಿಯ ಸುಭಾಷಿತವೆಂದು ತಿಳಿಯಬಾರದು. ಮದಗುಣಿಕೆಯನ್ನು, ಎಂದರೆ ದತ್ತೂರವನ್ನು, ತೆಗೆದುಕೊಳ್ಳಿ. ಅದರ ಬೀಜವನ್ನು ತಿಂದವನ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆಗಳು ಅರಳುತ್ತವೆ, ಬುದ್ಧಿ ಭ್ರಮಿಸುತ್ತದೆ. ‘ಉನ್ಮತ್ತ’ವೆಂಬ ಸಂಸ್ಕೃತ ನಾಮವು ಲಕ್ಷಣವನ್ನೇ ಹೇಳುವುದು. ಅದರೊಳಗಿನ ಆಟ್ರೊಪೀನ್ ಎಂಬ ಸತ್ತ್ವವು ನರಗಳ ಒಂದು ಸಂದೇಶವಾಹಕವನ್ನು ತಡೆಯುವುದೇ ಇದಕ್ಕೆ ಕಾರಣ. ಆ ಸಂದೇಶವೇ ಮಿತಿಮೀರಿದಾಗ ಅದೇ ಸತ್ತ್ವವು ಪ್ರಾಣವನ್ನು ಉಳಿಸುವುದು: ಹೊಲಕ್ಕೆ ಹೊಡೆಯುವ ಕ್ರಿಮಿನಾಶಕವನ್ನು ಕುಡಿದವರಿಗೆ ಆಸ್ಪತ್ರೆಗಳಲ್ಲಿ ಚುಚ್ಚುವುದು ಆಟ್ರೊಪೀನನ್ನೇ. ವಿಷಕ್ಕೆ ವಿಷವೇ ಮದ್ದೆಂಬ ನಾಣ್ಣುಡಿಯು ಅಕ್ಷರಶಃ ನಿಜವಾಗುವ ಸಂದರ್ಭವಿದು. ಕಾಸರಕದ ಬೀಜದ ಸ್ಟ್ರಿಕ್ನೀನಾದರೋ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡುವ ತಡೆಯನ್ನು ಕಿತ್ತುಹಾಕಿ ಮೈಯನ್ನು ಬಿಲ್ಲಿನಂತೆ ಬಗ್ಗಿಸುವುದು. ಕಾಸರಗೋಡಿನ ಹೆಸರನ್ನು ಈ ಮರದಿಂದ ಬಿಡಿಸುವವರಿದ್ದಾರೆ. ಆ ಚರ್ಚೆ ಇಲ್ಲಿ ಬೇಡ.

ವತ್ಸನಾಭಿಯು ಹಿಮಾಲಯದ ಗಡ್ಡೆ. ಅದರ ಅಕೊನಿಟೀನ್ ಎಂಬ ಸತ್ತ್ವವು ನಾಲಗೆಯನ್ನು ಜುಮ್ಮೆನಿಸಿ, ಹೃದಯದ ಲಯವನ್ನು ಕೆಡಿಸಿ ಕೊಲ್ಲುವುದು. ಇದನ್ನು ಗೋಮೂತ್ರದಲ್ಲಿಯೋ ಹಾಲಿನಲ್ಲಿಯೋ ಶೋಧಿಸಿ ಉಪಯೋಗಿಸಬೇಕೆಂದು ರಸಗ್ರಂಥಗಳು ವಿಧಿಸುತ್ತವೆ. ಕುದಿಸಿದಾಗ ಈ ಸತ್ತ್ವವು ಒಡೆದು ಅಷ್ಟೊಂದು ತೀಕ್ಷ್ಣವಲ್ಲದ ಬೇರೆ ರೂಪಗಳಿಗೆ ಇಳಿಯುವುದೆಂದು ಇಂದಿನ ರಸಾಯನಜ್ಞರು ತೋರಿಸಿರುವರು. ಶೋಧನವೆಂಬುದು ಆಚಾರವಲ್ಲ, ಕ್ರಿಯೆ. ಆದರೆ ಎಷ್ಟು ಹೊತ್ತು, ಎಷ್ಟು ಕಾವು ಎಂಬುದು ಗ್ರಂಥದಿಂದ ಗ್ರಂಥಕ್ಕೆ ಬೇರೆಯಾಗುವಾಗ ಅಪಾಯವು ಮತ್ತೆ ಒಳಗೆ ಬರುವುದು.

ಇಲ್ಲಿಯೇ ಸಾಹಿತ್ಯಜ್ಞರ ಕೆಲಸವು ಆರಂಭವಾಗುವುದು. ಈ ಗ್ರಂಥಗಳು ನಮ್ಮ ಕೈಗೆ ಬಂದಿರುವುದು ಓಲೆಗಳ ಮೂಲಕ. ಓಲೆಗಳನ್ನು ಓದುವವರು ವೈದ್ಯರಲ್ಲ, ನಾವು. ಕಾವ್ಯದಲ್ಲಿ ಒಂದು ಅಕ್ಷರವು ತಪ್ಪಿದರೆ ರಸಭಂಗವಾಗುವುದು. ಔಷಧಯೋಗದಲ್ಲಿ ತಪ್ಪಿದರೆ ಆಗುವುದೇ ಬೇರೆ. ‘ರಾಸ್ನಾ’ ಎಂದರೆ ಉತ್ತರದೇಶದ ವೈದ್ಯರು ಒಂದು ಗಿಡವನ್ನು ತ��ಗೆದುಕೊಳ್ಳುತ್ತಾರೆ, ನಮ್ಮವರು ದುಂಪರಾಸ್ಮೆಯ ಬೇರನ್ನು ಕೊಡುತ್ತಾರೆ. ‘ಬ್ರಾಹ್ಮಿ’ ಎಂದರೆ ನಮ್ಮ ಕಡೆ ಬಹುಮಂದಿಗೆ ಒಂದೆಲಗ, ಇತರರಿಗೆ ನೀರುಬ್ರಾಹ್ಮಿ. ಇವುಗಳಿಂದ ಸಾವು ಬರಲಾರದು. ಆದರೆ ತೆಲುಗಿನಲ್ಲಿ ‘ಅಡವಿನಾಭಿ’ ಎಂಬ ಹೆಸರು ವತ್ಸನಾಭಿಯದಲ್ಲ, ನಮ್ಮ ಬೇಲಿಗಳಲ್ಲಿ ಬೆಂಕಿಯಂತೆ ಹೂಬಿಡುವ ಅಗ್ನಿಶಿಖೆಯದು, ಎಂದರೆ ಲಾಂಗಲಿಯದು. ಎರಡೂ ಗಡ್ಡೆಗಳೇ, ಎರಡೂ ವಿಷಗಳೇ. ಆದರೆ ಒಂದು ಕೆಲವು ಗಳಿಗೆಗಳಲ್ಲಿ ಹೃದಯವನ್ನು ಹಿಡಿಯುವುದು. ಇನ್ನೊಂದರ ಕಾಲ್ಚಿಸೀನ್ ಜೀವಕಣಗಳ ವಿಭಜನೆಯನ್ನೇ ನಿಲ್ಲಿಸಿ, ಮೊದಲು ವಾಂತಿಭೇದಿಯಾಗಿಯೂ ದಿನಗಳು ಕಳೆದ ಮೇಲೆ ರಕ್ತದ ಕ್ಷಯವಾಗಿಯೂ ತೋರುವುದು. ಒಂದಕ್ಕೆ ಹೇಳಿದ ಶೋಧನೆಯು ಇನ್ನೊಂದಕ್ಕೆ ಸಲ್ಲದು. ‘ನಾಭಿ’ ಎಂಬ ಎರಡಕ್ಷರವನ್ನು ಮಾತ್ರ ಉಳಿಸಿರುವ ತೂತುಬಿದ್ದ ಓಲೆಯನ್ನು ಸಂಪಾದಿಸುವವನು ಅಲ್ಲಿ ‘ವತ್ಸ’ವನ್ನು ಊಹಿಸಿ ತುಂಬುವ ಮುನ್ನ ಆ ಓಲೆಯು ಯಾವ ಗಡಿಯಿಂದ ಬಂದುದೆಂದು ವಿಚಾರಿಸಬೇಕು.

ಅಮರದ ವನೌಷಧಿವರ್ಗವನ್ನು ಎಂಟುಹತ್ತು ವರ್ಷದ ಹುಡುಗರಿಗೆ ಬಾಯಿಪಾಠ ಮಾಡಿಸುವ ಪಾಠಶಾಲೆಗಳಲ್ಲಿ ಒಂದು ಗಿಡವನ್ನೂ ತಂದು ತೋರಿಸಿದವರನ್ನು ಈ ಲೇಖಕನು ಕಂಡಿಲ್ಲ. ಪರ್ಯಾಯಪದಗಳು ನಾಲಗೆಯ ತುದಿಯಲ್ಲಿರುತ್ತವೆ. ವಸ್ತುವು ಮಾತ್ರ ಗ್ರಂಧಿಗೆ ಅಂಗಡಿಯವನ ಡಬ್ಬಿಯಲ್ಲಿರುತ್ತದೆ. ನಾಚಿರಾಜನಂತಹ ಕನ್ನಡ ವ್ಯಾಖ್ಯಾನಕಾರರು ಅಮರದ ಶಬ್ದಗಳಿಗೆ ದೇಶೀಯ ನಾಮಗಳನ್ನು ಕೊಟ್ಟಿರುವುದೂ, ೧೩೯೮ರಲ್ಲಿ ಅಭಿನವ ಮಂಗರಾಜನು ನಿಘಂಟನ್ನು ರಚಿಸಿದುದೂ ಈ ಅಂತರವನ್ನು ಮುಚ್ಚಲು ನಮಗೆ ಉಳಿದಿರುವ ಸಾಧನಗಳಲ್ಲಿ ಸೇರಿವೆ.

ಅಳತೆಯ ತೊಡಕೂ ಉಂಟು. ಶಾರ್ಙ್ಗಧರನು ಮಾಗಧಮಾನ ಕಾಳಿಂಗಮಾನಗಳೆಂದು ಎರಡನ್ನು ಹೇಳಿ ಮೊದಲನೆಯದನ್ನು ಮೆಚ್ಚುವನು. ಮೂಲಮಾನವು ಗುಲಗಂಜಿ. ಭಾರತ ಸರಕಾರದ ಯೋಗಸಂಗ್ರಹದಲ್ಲಿ ಒಂದು ಗುಂಜೆಯನ್ನು ೧೨೫ ಮಿಲಿಗ್ರಾಂ, ಒಂದು ಕರ್ಷವನ್ನು ೧೨ ಗ್ರಾಂ, ಒಂದು ಪಲವನ್ನು ೪೮ ಗ್ರಾಂ ಎಂದು ಸ್ಥಿರಪಡಿಸಿರುವರು. ವಿಷವನ್ನು ತೂಗುವ ಈ ಕಾಳೇ ಸ್ವತಃ ವಿಷವೆಂಬುದು ಒಂದು ವಿನೋದ.

ಇನ್ನು ಇತ್ತೀಚಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಇಂಗ್ಲಿಷರ ಆಡಳಿತದಲ್ಲಿ ೧೯೧೯ರಲ್ಲಿ ವಿಷಗಳ ಕಾನೂನು ಬಂದಿತು. ಕ್ವಿನೈನು ಮೊದಲಾದುವುಗಳಲ್ಲಿ ನಡೆಯುತ್ತಿದ್ದ ಮೋಸವನ್ನು ಕುರಿತು ಕೂಗೆದ್ದ ಮೇಲೆ ೧೯೩೦ರಲ್ಲಿ ಆರ್. ಎನ್. ಚೋಪ್ರಾರವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನಿಯಮಿತವಾಗಿ ಮರುವರ್ಷ ವರದಿಯನ್ನು ಒಪ್ಪಿಸಿತು. ಅದರ ಫಲವು ೧೯೪೦ರ ಕಾನೂನು. ಮೈಸೂರು ಆಗ ದೇಶೀಯ ಸಂಸ್ಥಾನವಾಗಿದ್ದುದರಿಂದ ಅದು ಇಲ್ಲಿಗೆ ಅನ್ವಯಿಸಿದುದು ೧೯೫೧ರಲ್ಲಿ. ಇಷ್ಟರಲ್ಲಿ, ೧೯೦೮ರಷ್ಟು ಹಿಂದೆಯೇ ಮೈಸೂರಿನಲ್ಲಿ ಆಯುರ್ವೇದದ ಕಲಾಶಾಲೆಯು ಹುಟ್ಟಿತ್ತು, ೧೯೧೩ರಲ್ಲಿ ನಂಜನಗೂಡಿನ ಸದ್ವೈದ್ಯಶಾಲೆಯು ಆರಂಭವಾಗಿತ್ತು. ದೇಶೀಯ ಔಷಧಗಳು ಮಾತ್ರ ಕಾನೂನಿನ ಹೊರಗೇ ಉಳಿದು, ೧೯೬೪ರ ತಿದ್ದುಪಡಿಯಿಂದ ಒಳಗೆ ಬಂದುವು.

ಈ ತಿದ್ದುಪಡಿಯು ನಮ್ಮ ವಿಷಯಕ್ಕೆ ಮುಖ್ಯವಾದುದು. ಆಯುರ್ವೇದದ ಔಷಧವನ್ನು ತಯಾರಿಸಿ ಮಾರಬೇಕಾದರೆ ಅಪ್ಪಣೆ ಬೇಕು; ತನ್ನ ರೋಗಿಗಾಗಿ ತಾನೇ ಮದ್ದರೆಯುವ ವೈದ್ಯನಿಗೆ ಬೇಡ; ಅಂಗಡಿಯಲ್ಲಿಟ್ಟು ಮಾರುವವನಿಗೂ ಬೇಡ. ಕೌಟಿಲ್ಯನು ಕಣ್ಣಿಟ್ಟಿದ್ದುದು ಅಂಗಡಿಯ ಮೇಲೆ, ಇಂದಿನ ಕಾನೂನು ಕಣ್ಣಿಟ್ಟಿರುವುದು ಕಾರ್ಖಾನೆಯ ಮೇಲೆ. ಗ್ರಂಧಿಗೆ ಅಂಗಡಿಯಲ್ಲಿ ಬಿಡಿಬೇರುಗಳು ಕೈಬದಲಾಗುವಾಗ ಹಳೆಯ ಸಂಸ್ಥಾಧ್ಯಕ್ಷನಿಗೆ ಇದ್ದ ಕೆಲಸವು ಇಂದು ಬಹುಮಟ್ಟಿಗೆ ಕೊಳ್ಳುವವನದೇ ಆಗಿದೆ.

ಕಾನೂನಿಗೆ ಹೊಂದಿದ ನಿಯಮಗಳಲ್ಲಿ ವಿಷದ್ರವ್ಯಗಳ ಒಂದು ಪಟ್ಟಿಯಿದೆ. ವತ್ಸನಾಭಿ, ದತ್ತೂರ, ಕಾಸರಕ, ಗುಲಗಂಜಿ, ಲಾಂಗಲಿ, ಕಣಗಿಲೆ, ಪಾದರಸ, ಹರಿತಾಳ, ಹಾವಿನ ವಿಷ ಇವೆಲ್ಲವೂ ಅಲ್ಲಿವೆ. ಮಂಗರಾಜನು ಬಂದು ನೋಡಿದರೆ ಪರಿಚಿತರನ್ನು ಕಂಡಂತೆ ತಲೆದೂಗುವನು. ಇವುಗಳಿಂದ ಮಾಡಿದ ಒಳಸೇವನೆಯ ಮದ್ದಿನ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಅಚ್ಚುಮಾಡಿರಬೇಕೆಂದು ವಿಧಿಯಿದೆ. ಕನ್ನಡದಲ್ಲಿರಬೇಕೆಂಬ ವಿಧಿಯಿಲ್ಲ. ಪಿರಿಯಾಪಟ್ಟಣದ ರೈತನು ಆ ಸೀಸೆಯನ್ನು ಹಿಡಿದು ಏನನ್ನು ಓದಬೇಕೋ ತಿಳಿಯದು. ಏಳುನೂರು ವರ್ಷಗಳ ಹತ್ತಿರಕ್ಕೆ ಹಿಂದೆ ವಿಷದ ಎಚ್ಚರಿಕೆಯನ್ನು ಅವನ ಭಾಷೆಯಲ್ಲಿಯೇ, ಅದೂ ಪದ್ಯದಲ್ಲಿ, ಬರೆದಿಟ್ಟವರಿದ್ದರು.

ಇನ್ನೊಂದು ಅಂಶ. ಕಾನೂನಿನ ಪ್ರಕಾರ ಶಾಸ್ತ್ರೀಯವಾದ ಆಯುರ್ವೇದೌಷಧವೆಂದರೆ ಮೊದಲನೆಯ ಅನುಬಂಧದಲ್ಲಿ ಹೆಸರಿಸಿದ ಪ್ರಮಾಣಗ್ರಂಥಗಳ ಯೋಗಗಳಂತೆ ತಯಾರಾದುದು. ಚರಕ, ಸುಶ್ರುತ, ಶಾರ್ಙ್ಗಧರ, ಭಾವಪ್ರಕಾಶಗಳು ಅಲ್ಲಿವೆ, ಲೋಲಿಂಬರಾಜನ ವೈದ್ಯಜೀವನವಿದೆ, ಮಲೆಯಾಳ ನಾಡಿನ ಸಹಸ್ರಯೋಗವಿದೆ, ಆಂಧ್ರರು ಆದರಿಸುವ ಬಸವರಾಜೀಯವಿದೆ. ಸಿದ್ಧವೈದ್ಯದ ಭಾಗದಲ್ಲಿ ತಮಿಳು ಗ್ರಂಥಗಳು ಸಾಲಾಗಿ ನಿಂತಿವೆ. ಆ ಅನುಬಂಧವನ್ನು ಮೊದಲು ರಚಿಸಿದಾಗ ಅದರಲ್ಲಿ ಖಗೇಂದ್ರಮಣಿದರ್ಪಣವೂ ಇರಲಿಲ್ಲ, ಕರ್ಣಾಟಕ ಕಲ್ಯಾಣಕಾರಕವೂ ಇರಲಿಲ್ಲ, ೧೫೦೦ರ ಸುಮಾರಿನ ಶ್ರೀಧರದೇವನ ವೈದ್ಯಾಮೃತವೂ ಇರಲಿಲ್ಲ. ಪ್ರಮಾಣವಾಗಬೇಕಾದ ಗ್ರಂಥಕ್ಕೆ ಮೊದಲು ಪಾಠಾಂತರಗಳನ್ನು ಪರಿಶೀಲಿಸಿದ, ಪ್ರತಿಯೊಂದು ಗಿಡದ ಹೆಸರನ್ನೂ ಸಸ್ಯಶಾಸ್ತ್ರಜ್ಞರ ಹೆಸರಿನೊಡನೆ ಹೊಂದಿಸಿದ ಮುದ್ರಣವು ಇರಬೇಕು. ಅದಕ್ಕೆ ಬೇಕಾದವರು ಮೂವರು: ಹಳಗನ್ನಡವನ್ನು ಓದಬಲ್ಲವನು, ಮದ್ದನ್ನು ಬಲ್ಲವನು, ಗಿಡವನ್ನು ಬಲ್ಲವನು. ಮೊದಲನೆಯವನು ಮಾನಸಗಂಗೋತ್ರಿಯಲ್ಲಿ ಸಿಕ್ಕುವನು, ಎರಡನೆಯವನು ಆಯುರ್ವೇದ ಕಲಾಶಾಲೆಯಲ್ಲಿ, ಮೂರನೆಯವನು ಮತ್ತೆ ಮಾನಸಗಂಗೋತ್ರಿಯಲ್ಲಿಯೇ, ಎರಡು ಕಟ್ಟಡಗಳ ಆಚೆ.